ಟಂಟಂ ತುಂಬುವ ತನಕ

ಹೊಸದಾಗಿ ಕೆಲಸಕ್ಕೆ ಸೇರಿದ ಅರ್ಥಶಾಸ್ತ್ರದ ಉಪನ್ಯಾಸಕರು ಯಾದಗಿರಿಯ ನನ್ನ ಮನೆಗೆ ಬಂದರೆ, ಚಹಾ ಆರುವ ಮುಂಚೆಯೇ ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ನೀವು ಪಾಠದಾಗ ಏನೇನೋ ಹೊಸಾದು ಮಾಡ್ತಿದ್ರಂತ. ಅದರಾಗ ಯಾವ್ದು ಗೆದ್ದದ ಹೇಳ್ರಿ, ನಾವೂ ಮಾಡ್ತೀವಿ." ಅವರಿಗೆ ಬೇಕಾದದ್ದು ಗೆದ್ದ ಪ್ರಯೋಗ. ನನ್ನಲ್ಲಿರುವುದು ಬಹುಪಾಲು ಸೋತ ಪ್ರಯೋಗಗಳು. ಸೋತದ್ದನ್ನು ಹೇಳಲು ಶುರು ಮಾಡಿದರೆ ಅವರ ಕೈ ಮೊಬೈಲಿನ ಕಡೆ ಹೋಗುತ್ತದೆ, ನನಗೆ ಸಿಟ್ಟು ಬರುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಬರೆಯುವುದೇ ವಾಸಿ ಎನಿಸಿತು.

ಇಷ್ಟು ವರ್ಷ ಪಾಠ ಹೇಳಿದ ಮೇಲೆ, ನೆನೆದರೆ ಇಂದಿಗೂ ಎದೆ ತುಂಬಿ ಬರುವ ಪಾಠ ಒಂದೇ. ಅದು ನಡೆದದ್ದು ಶಹಾಪುರದಲ್ಲಿ, ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ. ಗೋಗಿಯಿಂದ ಬರುತ್ತಿದ್ದ ನಸೀಮಾ ಎಂಬ ಹುಡುಗಿಗೆ ಹಾಜರಿ ಸಾಲದೆ, ಅಂತಿಮ ಬಿ.ಎ. ಪರೀಕ್ಷೆಗೆ ಕೂರಲಾಗದ ಪರಿಸ್ಥಿತಿ ಬಂದಿತ್ತು. ಆದರೆ ಆ ಕತೆ ಅರ್ಥವಾಗಬೇಕಾದರೆ, ನಾನು ಅಲ್ಲಿಗೆ ಬರುವ ಮುಂಚೆ ಎಂಥ ಪೆಟ್ಟು ತಿಂದವನು ಎಂಬುದು ತಿಳಿದಿರಬೇಕು.

ನನ್ನ ಮೊದಲ ಕಾಲೇಜು ಸುರಪುರದ್ದು. ಆಗ ಪಾಠವೆಂದರೆ ನೋಟ್ಸ್ ಹೇಳುವುದು. ನಾನು ಹೇಳಬೇಕು, ಹುಡುಗರು ಬರೆಯಬೇಕು, ನಡುನಡುವೆ ನಾನು 'ಪೂರ್ಣವಿರಾಮ, ಮುಂದಿನ ಸಾಲು' ಎನ್ನಬೇಕು. ಗಂಟೆ ಹೊಡೆದಾಗ ಅವರ ಕೈಗೂ ನನ್ನ ಗಂಟಲಿಗೂ ಬಿಡುಗಡೆ. ಪುಸ್ತಕದಲ್ಲಿ ಒಂದು ಉದಾಹರಣೆ ಇತ್ತು: ಚಹಾದ ದರ ಏರಿದರೆ ಜನ ಕಾಫಿಯ ಕಡೆ ತಿರುಗುತ್ತಾರೆ. "ಯಾಕೆ ತಿರುಗುತ್ತಾರೆ?" ಎಂದು ಕೇಳಿದರೆ ಇಡೀ ತರಗತಿ ಒಂದೇ ಬಾಯಿಯಲ್ಲಿ ಉತ್ತರ ಒಪ್ಪಿಸಿತು. ಒಬ್ಬ ಮಾತ್ರ ಎದ್ದು ನಿಂತು, "ಸರ್, ಚಾ ತುಟ್ಟಿ ಆದ್ರ ನಮ್ಮನ್ಯಾಗ ಸಕ್ಕರಿ ಕಮ್ಮಿ ಹಾಕ್ತಾರ್ರಿ. ಕಾಫಿ ನಾ ಕುಡದೇ ಇಲ್ಲ" ಎಂದ. ಎಲ್ಲರೂ ನಕ್ಕರು. ಅವನ ಮಾತಿನಲ್ಲಿ ನಗುವಂಥದ್ದೇನೂ ಇರಲಿಲ್ಲ. ಅಂದೇ ನನಗೆ ನೋಟ್ಸಿನ ಮೇಲೆ ಜಿಗುಪ್ಸೆ ಹುಟ್ಟಿತು.

ತರಗತಿಯಲ್ಲೇ ಸಂತೆ ಕೂಡಿಸೋಣ ಎಂದುಕೊಂಡೆ. ಅರ್ಧ ಹುಡುಗರು ಮಾರುವವರು, ಅರ್ಧ ಕೊಳ್ಳುವವರು. ಶೇಂಗಾ ಸರಕು, ಹುಣಸೆಬೀಜವೇ ನಾಣ್ಯ. ಮಾರುವವನು ಹೆಚ್ಚಿಗೆ ಕೇಳಬೇಕು, ಕೊಳ್ಳುವವನು ಕಡಿಮೆಗೆ ಜಗ್ಗಬೇಕು. ಜಗ್ಗಾಡಿ ಜಗ್ಗಾಡಿ ಕೊನೆಗೆ ದರ ಎಲ್ಲಿ ನಿಲ್ಲುತ್ತದೆಂದು ಬೋರ್ಡಿನ ಮೇಲೆ ತೋರಿಸುವುದು ನನ್ನ ಯೋಚನೆ. ಮೊದಲು ಶೇಂಗಾ ಹಿಡಿದು ನಿಂತವನು ಹಣಮಂತ. ಕೊಳ್ಳಲು ಬಂದವನು ಮಲ್ಲಪ್ಪ. ಹಣಮಂತ ದರ ಹೇಳದೆ ನನ್ನ ಮುಖ ನೋಡಿದ.

"ದರ ಹೇಳೋ" ಎಂದೆ.

"ಹ್ಯಾಂಗ ಹೇಳ್ಲಿ ಸರ್? ಇಂವ ನಮ್ಮ ಅತ್ತಿ ಮಗ ಆಗಬೇಕ್ರಿ. ನಾಳಿಗಿ ಅವರ ಮನಿಗಿ ಉಣ್ಣಾಕ ಹೋದ್ರ ಏನ್ ಮಾರಿ ತೋರಿಸ್ಲಿ?"

ಶೇಂಗಾ ಪುಕ್ಕಟೆಯಾಗಿ ಹೋಯಿತು. ಅಷ್ಟರಲ್ಲಿ ಉಳಿದವರೂ ಪರಸ್ಪರ ಸಂಬಂಧ ಹುಡುಕತೊಡಗಿದರು. ಯಾರೋ ಯಾರಿಗೋ ಕಾಕಾ ಆದ, ಯಾರೋ ಅಳಿಯನಾದ. ಹುಡುಗಿಯರ ಸಾಲಿನಲ್ಲಂತೂ ಸರಕು ಸುಲಿದು ತಿಂದಾಗಿತ್ತು. ಬೀದರ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗನಿಗೆ ಮಾತ್ರ ಆ ಕೋಣೆಯಲ್ಲಿ ಬಳಗವಿರಲಿಲ್ಲ. ಅವನೊಬ್ಬನಿಗೇ ಪೂರ್ತಿ ದರ ಬಿತ್ತು.

ಗದ್ದಲ ಕೇಳಿ ಪ್ರಿನ್ಸಿಪಾಲರು ಬಾಗಿಲಿಗೆ ಬಂದು ನಿಂತರು. ಕಚ್ಚೆ ಪಂಚೆ, ಕರಿ ಟೊಪ್ಪಿಗೆಯ ಹಳೆಯ ಕಾಲದ ಮನುಷ್ಯ. ನಗದೆಯೇ ನಗಿಸುವ ಕಲೆ ಅವರಿಗಿತ್ತು.

"ಏನ್ ನಡ್ಸೀರಿ ಮಾಸ್ತರ್ರ?"

"ಸಂತಿ ರಿ ಸರ್."

"ಸಂತ್ಯಾಗ ಮಾರ್ತಾರ. ಇಲ್ಲಿ ಹಂಚಾಕತ್ತಾರಲ್ಲ" ಎಂದು ಹೇಳಿ, ಒಂದು ಹಿಡಿ ಶೇಂಗಾ ತೆಗೆದುಕೊಂಡು ಹೋದರು.

ಆಗ ನನಗೆ ಅವಮಾನವಾಗಿತ್ತು. ಈಗ ಆ ತರಗತಿಯ ನೆನಪು ಬಂದರೆ ಒಬ್ಬನೇ ಕೂತು ನಗುತ್ತೇನೆ. ಹಣಮಂತನಂಥ ಹುಡುಗರು ಇನ್ನೊಮ್ಮೆ ನನ್ನ ಮುಂದೆ ಕೂರಲಿ ಎಂದು ಆಸೆಯಾಗುತ್ತದೆ.

ಮುಂದೆ ಯಾದಗಿರಿಗೆ ವರ್ಗವಾಯಿತು. ಅಲ್ಲಿ ಬುದ್ಧಿ ಬಂದವನಂತೆ, ಸಂತೆಯನ್ನು ಒಳಗೆ ತರುವುದು ಬೇಡ, ಹುಡುಗರನ್ನೇ ಹೊರಗೆ ಕಳಿಸೋಣ ಎಂದು ಮುದನಾಳಕ್ಕೆ ಸಮೀಕ್ಷೆಗೆ ಕರೆದುಕೊಂಡು ಹೋದೆ. ಹುಡುಗರು ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಇಬ್ಬಿಬ್ಬರಾಗಿ ಮನೆಮನೆಗೆ ಹೋದರು. ಹೊಲ ಎಷ್ಟು, ಕುರಿ ಎಷ್ಟು, ಮನೆಯಲ್ಲಿ ಮಂದಿ ಎಷ್ಟು, ಹೆಣ್ಣುಮಕ್ಕಳು ಎಲ್ಲಿಯ ತನಕ ಓದಿದ್ದಾರೆ ಎಂದು ನಾನು ಕಲಿಸಿದ ಪ್ರಶ್ನೆಗಳನ್ನೇ ಕೇಳಿದರು. ಪ್ರತಿಯೊಂದು ಮನೆಯಲ್ಲೂ ಚಾಪೆ ಹಾಸಿ, ಮಂಡಕ್ಕಿಯ ಸೂಸಲ, ಮಿರ್ಚಿ ಭಜಿ, ಚಹಾ ಕೊಟ್ಟರು. ನಮ್ಮ ಹುಡುಗರು ಹಳ್ಳಿಯವರ ಪ್ರೀತಿಗೆ ಕರಗಿಹೋದರು.

ಸಂಜೆ ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದಳು. "ನೀವು ಹಿರೇರದೀರಿ, ಖರೇ ಹೇಳ್ರಿ. ಆ ಉದ್ದನ್ನ ಹುಡುಗಗ ನೌಕರಿ ಆಗ್ಯಾದೇನ್ರಿ? ನಮ್ಮ ಹುಡುಗಿ ಮೆಟ್ರಿಕ್ ಪಾಸ್ ಆಗ್ಯಾಳ."

ಆಗ ತಿಳಿಯಿತು. ನಾನು ಕಲಿಸಿದ ಪ್ರಶ್ನೆಗಳು ನಮ್ಮ ಕಡೆ ಹೆಣ್ಣು ನೋಡಲು ಬಂದವರು ಕೇಳುವ ಪ್ರಶ್ನೆಗಳೇ! ಊರವರು ತಮ್ಮ ಹೊಲಕ್ಕೆ ಅಣ್ಣತಮ್ಮಂದಿರ ಹೊಲ ಸೇರಿಸಿ, ನೆರೆಯವರ ಕುರಿಯನ್ನೂ ತಮ್ಮ ಲೆಕ್ಕಕ್ಕೆ ಹಿಡಿದು ಹೇಳಿದ್ದರು. ನಮ್ಮ ಸಮೀಕ್ಷೆಯ ಪ್ರಕಾರ ಮುದನಾಳದಲ್ಲಿ ಬಡವನೆಂಬವನೇ ಇರಲಿಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದುಕೊಂಡು, ಉದ್ದನ್ನ ಹುಡುಗನನ್ನು ಬೇಗ ಬೇಗ ಬಸ್ಸು ಹತ್ತಿಸಿದೆ. ಮರುದಿನ ಆ ಸುಳ್ಳು ಅಂಕಿಗಳನ್ನೇ ಇಟ್ಟುಕೊಂಡು, ಜನ ಯಾರಿಗೆ ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಂದು ಪಾಠ ಮಾಡಿದೆವು. ಆ ಪಾಠ ಚೆನ್ನಾಗಿ ಆಯಿತು.

ಇಷ್ಟು ಪೆಟ್ಟು ತಿಂದು ಶಹಾಪುರಕ್ಕೆ ಬಂದೆ. ಅಷ್ಟೊತ್ತಿಗೆ ಕಾಲ ಬದಲಾಗಿತ್ತು. ಗೋಡೆಗೆ ಪ್ರೊಜೆಕ್ಟರ್ ಬಂತು. ಹುಡುಗರು ನೋಟ್ಸ್ ಬರೆದುಕೊಳ್ಳುವುದು ಬಿಟ್ಟು ಬೋರ್ಡಿನ ಫೋಟೋ ಹೊಡೆಯತೊಡಗಿದರು. ಬದಲಾಗದೆ ಉಳಿದದ್ದು ಒಂದೇ: ಗೋಗಿಯ ಹುಡುಗಿಯರು ತಡವಾಗಿ ಬರುವುದು.

ಬೆಳಗಿನ ಮೊದಲ ಪಾಠ ನನ್ನದು. ಹಾಜರಿ ಕರೆದು ಮುಗಿದ ಮೇಲೆ ಬಂದವರು ಕೂತು ಕೇಳಬಹುದು, ಹಾಜರಿ ಇಲ್ಲ. ಇದು ಕಾಲೇಜಿನ ನಿಯಮ, ನಾನೂ ಅದರಲ್ಲಿ ಗಟ್ಟಿ. ಗೋಗಿಯ ಉಳಿದ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಅಣ್ಣನ ಬೈಕಿನಲ್ಲೋ, ನಸುಕಿನ ಬಸ್ಸಿನಲ್ಲೋ ಬಂದು ಸೇರುತ್ತಿದ್ದರು. ನಸೀಮಾಗೆ ಆ ದಾರಿ ಇರಲಿಲ್ಲ. ಅವಳ ತಾಯಿಯ ತಮ್ಮ ಲಾಲಸಾಬನದು ಒಂದು ಟಂಟಂ, ಅಂದರೆ ಸೀಟಿನ ಲೆಕ್ಕದಲ್ಲಿ ಮಂದಿಯನ್ನು ತುಂಬಿಕೊಂಡು ಓಡುವ ದೊಡ್ಡ ಆಟೊ. ಹೋದರೆ ಮಾಮುನ ಗಾಡಿಯಲ್ಲಿ, ಬಂದರೆ ಮಾಮುನ ಗಾಡಿಯಲ್ಲಿ ಎಂಬುದು ಮನೆಯವರ ಕಟ್ಟಳೆ. ಲಾಲಸಾಬನ ಕಟ್ಟಳೆ ಇನ್ನೊಂದು: ತುಂಬದೆ ಗಾಡಿ ಬಿಡುವುದಿಲ್ಲ.

"ಯಾಕಮ್ಮಾ ತಡ?" ಎಂದು ದಿನಾ ಕೇಳುತ್ತಿದ್ದೆ.

"ಗಾಡಿ ತುಂಬಲಿಲ್ರಿ ಸರ್."

ಅರ್ಧ ವರ್ಷ ಕಳೆದ ಮೇಲೆ ಹಾಜರಿ ಕಡಿಮೆ ಇದ್ದವರ ಹೆಸರು ನೋಟಿಸ್ ಬೋರ್ಡಿಗೆ ಬಿತ್ತು. ಎಲ್ಲಕ್ಕಿಂತ ಮೇಲೆ ನಸೀಮಾ. ಅವಳು ಎರಡನೇ ಬೆಂಚಿನಲ್ಲಿ ಕೂತು, ಗೊತ್ತಾಗದಿದ್ದರೆ ಬಿಡದೆ ಕೇಳುವ ಹುಡುಗಿ. ಮನೆಯಲ್ಲಿ ದಖನಿ ಮಾತು. ಉತ್ಸಾಹ ಬಂದರೆ ಕನ್ನಡದ ನಡುವೆ ಅದೂ ನುಗ್ಗುತ್ತಿತ್ತು. ಬೋರ್ಡಿನ ಮುಂದೆ ಅವಳು ನಿಂತಿದ್ದನ್ನು ಕಂಡು ಸಮಾಧಾನ ಹೇಳಲು ಹೋದೆ. "ಒಂದು ವರ್ಷ ತಡ ಆದ್ರ ಆಗ್ಲಿ ಬಿಡಮ್ಮಾ" ಎಂದೆ.

"ನನಗ ಅಲ್ರಿ ಸರ್. ಶಬಾನಾಗ." ಶಬಾನಾ ಅವಳ ತಂಗಿ. "ಪಿಯುಸಿ ಮುಗಿಸಿ ಮನ್ಯಾಗ ಕುಂತಾಳ. ಒಮ್ಮಿಗಿ ಇಬ್ಬರನ್ನ ಕಾಲೇಜಿಗಿ ಕಳ್ಸೋದು ಅಬ್ಬಾಗ ಆಗಂಗಿಲ್ಲ. ನಾ ಎದ್ದ ಮ್ಯಾಲೆ ಆಕಿ ಕುಂದರಬೇಕು. ನಾ ಇಲ್ಲೇ ಉಳದ್ರ ಆಕಿ ಮನ್ಯಾಗೇ ಉಳದಂಗ್ರಿ."

ಅಂದು ಪಾಠದಲ್ಲಿ ಸೀಮಾಂತ ವೆಚ್ಚ ಹೇಳಬೇಕಿತ್ತು. ಇನ್ನೊಂದು ವಸ್ತುವನ್ನು ಹೆಚ್ಚಿಗೆ ಮಾಡಿದರೆ ಬೀಳುವ ಖರ್ಚು ಎಷ್ಟು ಎಂಬ ವಿಷಯ. ಪುಸ್ತಕದಲ್ಲಿ ಅದಕ್ಕೆ ಪೆನ್ನಿನ ಕಾರ್ಖಾನೆಯ ಉದಾಹರಣೆ ಕೊಟ್ಟಿದ್ದರು. ನಾನು ಪುಸ್ತಕ ಮುಚ್ಚಿ ಬೋರ್ಡಿನ ಮೇಲೆ ಬರೆದೆ: 'ಲಾಲಸಾಬನ ಟಂಟಂ ಯಾಕೆ ತಡ?' ಎಂದೂ ಬಾಯಿ ಬಿಡದವರೂ ಅಂದು ಬಾಯಿ ಬಿಟ್ಟರು. ಗಾಡಿ ಒಮ್ಮೆ ಹೊರಟಿತೆಂದರೆ ಒಬ್ಬನಿದ್ದರೂ ಅಷ್ಟೇ ಎಣ್ಣೆ, ಸೀಟೆಲ್ಲ ತುಂಬಿದರೂ ಹೆಚ್ಚುಕಡಿಮೆ ಅಷ್ಟೇ ಎಣ್ಣೆ ಎಂಬುದನ್ನು ನಾನು ಹೇಳುವ ಮುಂಚೆ ಅವರೇ ಹೇಳಿದರು. ಬಸವರಾಜನೆಂಬ ಚುರುಕಿನ ಹುಡುಗ ಪರಿಹಾರವನ್ನೂ ಕೊಟ್ಟ. ಎಷ್ಟು ಸೀಟು ಖಾಲಿ ಉಳಿಯುತ್ತವೋ ಅಷ್ಟರ ರೊಕ್ಕವನ್ನು ಗೋಗಿಯವರು ಹಂಚಿಕೊಂಡು ಕೊಡುವುದು, ಗಾಡಿ ಹೊತ್ತಿಗೆ ಸರಿಯಾಗಿ ಬಿಡುವುದು. ಪುಸ್ತಕ ಬರೆದವನು ಕೂಡ ಇದಕ್ಕಿಂತ ಚೆನ್ನಾಗಿ ಹೇಳಲಾರ. ನಾನು ಹಿಗ್ಗಿ, ಸಂಜೆಯೇ ಸ್ಟ್ಯಾಂಡಿಗೆ ಹೋಗಿ ಲಾಲಸಾಬನನ್ನು ಕಂಡೆ. ನರೆತ ಗಡ್ಡ, ಕೊರಳಿಗೆ ಚೌಕಡಿ ಟವೆಲ್, ಮೆತ್ತನೆಯ ಮಾತು.

"ಖಾಲಿ ಸೀಟಿನ ರೊಕ್ಕ ಹುಡುಗರೇ ಕೊಡ್ತಾರ ಲಾಲಸಾಬ್ರೆ. ನೀವು ಟೈಮಿಗಿ ಬಿಟ್ರ ಸಾಕು."

"ಆ ಸೀಟಿನ್ಯಾಗ ಯಾರ್ ಕುಂದರ್ತಾರ್ರಿ ಸರ್?"

"ಯಾರೂ ಇಲ್ಲ. ಖಾಲಿ."

"ಮತ್ತ ರೊಕ್ಕ ಯಾತರದ್ರಿ?" ಅವನು ನಿಜವಾಗಿಯೂ ಗಾಬರಿಯಾಗಿದ್ದ. "ಕುಂದರಲಾರದವರ ರೊಕ್ಕ ನನಗ ಹರಾಮ್ ಆಗ್ತದ್ರಿ. ಅದರ ರೊಟ್ಟಿ ಮಕ್ಕಳಿಗಿ ಹ್ಯಾಂಗ ತಿನಿಸ್ಲಿ?"

ಇದು ಖಾಲಿ ಸೀಟಿನ ಬೆಲೆಯಲ್ಲ, ಹೊತ್ತಿನ ಬೆಲೆ ಎಂದು ನಾನು ವಾದಿಸಿದೆ. ಡೀಸೆಲ್ ಲೆಕ್ಕ ಹೇಳಿದೆ. ಎಂ.ಎ.ಯಲ್ಲಿ ಓದಿದ್ದನ್ನೆಲ್ಲ ಆ ಸ್ಟ್ಯಾಂಡಿನಲ್ಲಿ ಖರ್ಚು ಮಾಡಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ನೀವು ಓದಿದವರು, ನಿಮ್ಮದು ಬರೋಬರಿ ಇರ್ತದ್ರಿ. ನನಗ ಆಗಂಗಿಲ್ಲ" ಎಂದ. ಮರುದಿನ ಇದನ್ನು ತರಗತಿಗೆ ಹೇಳಿದಾಗ ಬಸವರಾಜ ತಲೆ ಕೆರೆದುಕೊಂಡು, "ಸರ್, ಇಂಥವ್ರು ಬುಕ್ಕಿನ್ಯಾಗ ಇಲ್ರಿ" ಎಂದ.

ದಾರಿ ಹುಡುಕಿದವಳು ನಸೀಮಾಳೇ. ರೊಕ್ಕ ಕೊಟ್ಟು ಸೀಟು ತುಂಬಲು ಆಗದಿದ್ದರೆ ಮಂದಿಯಿಂದ ತುಂಬಬೇಕು. ಗೋಗಿಯಿಂದ ಶಹಾಪುರಕ್ಕೆ ಕಾಯಿಪಲ್ಯ ಮಾರಲು ಬರುವ ಹೆಂಗಸರು ಎರಡನೇ ಟ್ರಿಪ್ಪಿಗೆ ಬರುತ್ತಿದ್ದರು. ಅವರು ಮೊದಲ ಟ್ರಿಪ್ಪಿಗೇ ಬಂದರೆ? ನಸೀಮಾ ಮನೆಮನೆಗೆ ಹೋಗಿ ಕೇಳಿದಳು. "ಅಷ್ಟು ಜಲ್ದಿ ಬಂದ್ರ ಬುಟ್ಟಿ ಇಳಸಾಕ ಯಾರ್ ಸಿಗ್ತಾರವ್ವಾ? ಹಮಾಲರು ಇನ್ನಾ ಬಂದಿರಂಗಿಲ್ಲ" ಎಂದರಂತೆ. "ನಾವು ಇಳಸ್ತೀವಿ" ಎಂದು ಇವಳು ಮಾತು ಕೊಟ್ಟು ಬಂದಳು. ಮರುವಾರದಿಂದ ಗೋಗಿಯ ಹುಡುಗಿಯರು ಮಾರ್ಕೆಟ್ಟಿನ ಮುಂದೆ ಬುಟ್ಟಿ ಇಳಿಸಿ, ಓಡುತ್ತ ಕಾಲೇಜಿಗೆ ಬರತೊಡಗಿದರು. ಹಾಜರಿ ಕರೆಯುವ ಹೊತ್ತಿಗೆ ಎರಡನೇ ಬೆಂಚಿನಿಂದ ಮೆಂತೆ, ಕೊತ್ತಂಬರಿಯ ವಾಸನೆ ಬರುತ್ತಿತ್ತು. ನನ್ನ ನೌಕರಿಯಲ್ಲಿ ಅಷ್ಟು ಸಂತೋಷದಿಂದ ನಾನು ಹೆಸರು ಕರೆದದ್ದಿಲ್ಲ. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿದೆ. ಆ ಹೆಂಗಸರೂ ಬಸ್ಸಿನಲ್ಲೇ ಬರುತ್ತಾರೆಂದು ಕೇಳಿದ್ದೇನೆ.

ಮುಂದಿನದು ಸರಿಹೋಯಿತು, ಹಿಂದಿನದು ಹೋಗಲಿಲ್ಲ. ಪರೀಕ್ಷೆ ಹತ್ತಿರ ಬಂದರೂ ನಸೀಮಾಳ ಹಾಜರಿ ಇನ್ನೂ ಸಾಲದು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಹಿಂದಿನ ತಿಂಗಳಿಗಿ ನಾಲ್ಕು ಟಿಕ್ ಹಾಕಿ ಬಿಡ್ರಿ ಸರ್, ಯಾರ್ ನೋಡ್ತಾರ" ಎಂದರು. ಕೇಳಲು ಹಗುರವಾಗಿತ್ತು. ನನ್ನ ಕೈ ಪೆನ್ನಿನ ಕಡೆ ಹೋಗಲಿಲ್ಲವೆಂದು ಹೇಳಲಾರೆ. ಆದರೂ ಒಂದು ಮಾತು ಇರಲಿ ಎಂದು ಅವಳನ್ನು ಕರೆದು ಕೇಳಿದೆ. ಅವಳ ಮುಖ ಕೆಂಪಾಯಿತು.

"ಬ್ಯಾಡ್ರಿ ಸರ್. ಮಾಮು ಖಾಲಿ ಸೀಟಿನ ರೊಕ್ಕ ತಗೊಳ್ಳಿಲ್ಲ. ನಾ ಖಾಲಿ ಬೆಂಚಿನ ಹಾಜರಿ ಹ್ಯಾಂಗ ತಗೊಳ್ಲಿ?"

ಅವಳನ್ನು ಬಯ್ಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ನೇರವಾಗಿ ಪ್ರಿನ್ಸಿಪಾಲ್ ಸುಮಿತ್ರಾ ಮೇಡಂ ಹತ್ತಿರ ಹೋದೆ. ಅವರು ನನಗಿಂತ ಕಿರಿಯರು, ನಿಯಮ ಎಂದರೆ ನಿಯಮ. ಸುಮ್ಮನೆ ಕೇಳಿಸಿಕೊಂಡು, "ರವಿವಾರ ವಿಶೇಷ ಪಾಠ ತಗೋರಿ ಸರ್. ಖರೇನ ತಗೊಂಡ್ರ ಖರೇನ ಹಾಜರಿ. ಪಟ್ಟಿ ಕಳಸೋ ತನಕ ಟೈಮ್ ಅದ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಮಾತು. ರವಿವಾರ ಕಾಲೇಜಿಗೆ ಬೀಗ. ಗೋಗಿಯ ಶಾಲೆಯ ಪಡಸಾಲೆಯಲ್ಲಿ ಪಾಠ ಎಂದು ಗೊತ್ತಾಯಿತು. ಈಗ ಪ್ರಯಾಣ ಮಾಡಬೇಕಾದವನು ನಾನು.

ಆ ಹೊತ್ತಿಗೆ ಗೋಗಿಗೆ ಬಸ್ಸಿಲ್ಲ, ಮತ್ತೆ ಗಾಡಿ ಯಾವುದು? ಲಾಲಸಾಬನದೇ. ಶಹಾಪುರದ ಸ್ಟ್ಯಾಂಡಿನಲ್ಲಿ ನಾನು ಮೊದಲನೆಯವನಾಗಿ ಹತ್ತಿ ಕೂತರೆ, ಗಾಡಿ ಅಲುಗದು. "ಹೊತ್ತಾಯ್ತಲ್ಲ ಲಾಲಸಾಬ್ರೆ" ಎಂದರೆ, "ತುಂಬಲಿ ಸರ್" ಎಂದು ನಗುವನು. ಇಷ್ಟು ವರ್ಷ ತಡವಾಗಿ ಬಂದವರನ್ನು ಗದರಿಸಿದವನು ಈಗ ಕುರಿಮರಿ ಹಿಡಿದವರ, ಕೂಸು ಎತ್ತಿಕೊಂಡವರ ದಾರಿ ಕಾಯುತ್ತ ಕೂರಬೇಕಾಯಿತು. ಮೊದಮೊದಲು ಸಿಟ್ಟಿನಿಂದ ಕುದಿಯುತ್ತಿದ್ದೆ. ಆಮೇಲೆ ರೂಢಿಯಾಯಿತು. ಪಕ್ಕದವರು "ಮಾಸ್ತರ್ರ, ರವಿವಾರನೂ ಸಾಲಿ ಅದ ಏನ್ರಿ?" ಎಂದು ಮಾತಿಗೆಳೆದರೆ, ಅವರ ಹತ್ತಿ, ತೊಗರಿ, ಮಗಳ ಮದುವೆ ಎಲ್ಲ ಕೇಳುತ್ತ ದಾರಿ ಸರಿಯುತ್ತಿತ್ತು. ಅಂಥ ಪ್ರಯಾಣ ಆಮೇಲೆ ನನಗೆ ಸಿಗಲಿಲ್ಲ. ಪಡಸಾಲೆಯಲ್ಲಿ ನಸೀಮಾ ಕಾಯುತ್ತಿರುತ್ತಿದ್ದಳು. ಒಬ್ಬಳೇ ಹೇಗೆ ಕೂರುವುದೆಂದು ಶಬಾನಾಳನ್ನೂ ಜೊತೆಗೆ ಕರೆತರುತ್ತಿದ್ದಳು.

ಕೊನೆಯ ರವಿವಾರ ಬಂತು. ಮರುದಿನವೇ ಪಟ್ಟಿ ಹೋಗಬೇಕು. ಆ ಒಂದು ಪಾಠ ಆದರೆ ನಸೀಮಾ ಪರೀಕ್ಷೆಗೆ ಕೂರುತ್ತಾಳೆ, ಆಗದಿದ್ದರೆ ಇಲ್ಲ. ಸ್ಟ್ಯಾಂಡಿಗೆ ಬಂದು ನೋಡಿದರೆ ಭಣಭಣ. ಅಂದು ಅಮಾವಾಸ್ಯೆ. ದೇವರಿಗೆ ನಡೆದುಕೊಳ್ಳುವವರು ಗುಂಪುಗುಂಪಾಗಿ ಕೊಡೇಕಲ್ಲಿಗೆ ಹೊರಟಿದ್ದರು. ಉಳಿದ ಟಂಟಂಗಳೆಲ್ಲ ಒಳ್ಳೆಯ ಬಾಡಿಗೆ ಹಿಡಿದು ಆ ಕಡೆ ಹೋಗಿದ್ದವು. ಲಾಲಸಾಬನದೊಂದೇ ಬೇವಿನ ನೆರಳಿನಲ್ಲಿ ನಿಂತಿತ್ತು.

"ನೀವು ಹೋಗಲಿಲ್ಲೇನು?" ಎಂದೆ.

"ಕರದ್ರು ಸರ್. ನೀವು ಬರ್ತೀರಂತ ನಿಂತೆ."

ಹತ್ತಿ ಕೂತೆ. ಬಿಸಿಲು ಏರಿತು. ಒಬ್ಬ ಮುದುಕ ಬಂದ, ನಾನು ಸಂತೋಷದಿಂದ ಸರಿದು ಕೂತೆ. ಅವನು ಸುರಪುರದ ಬಸ್ಸು ಎಲ್ಲಿ ಎಂದು ಕೇಳಿ ಹೋದ. ಇಡೀ ಟಂಟಂನ ರೊಕ್ಕ ಕೊಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತನ್ನು ಅವನ ಮುಂದೆ ಇನ್ನೊಮ್ಮೆ ಆಡಲು ಮನಸ್ಸು ಒಪ್ಪಲಿಲ್ಲ. ಒಬ್ಬ ಹುಡುಗಿಯ ವರ್ಷ ಹೀಗೆ ನನ್ನ ಕಣ್ಣ ಮುಂದೆ, ನಾಲ್ಕು ಜನ ಬಾರದ ಕಾರಣಕ್ಕೆ ಹೋಗುತ್ತದಲ್ಲ ಎಂದು ರಸ್ತೆಯನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಲಾಲಸಾಬ ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಂದು ಗಾಡಿ ಚಾಲೂ ಮಾಡಿದ.

"ಎಲ್ಲಿಗಿ?"

"ಗೋಗಿಗ್ರಿ."

"ಯಾರೂ ಬಂದಿಲ್ಲಲ್ಲ!"

ಅವನು ಗಾಡಿಯನ್ನು ರಸ್ತೆಗೆ ತಿರುಗಿಸಿದ. ದಾರಿಯುದ್ದಕ್ಕೂ ಎಲ್ಲೂ ನಿಲ್ಲಿಸಲಿಲ್ಲ. ಖಾಲಿ ಸೀಟುಗಳು ಗಡಗಡ ಸದ್ದು ಮಾಡುತ್ತಿದ್ದವು. ಇಳಿದು, ಗೊತ್ತಿದ್ದೂ ಗೊತ್ತಿದ್ದೂ ನಾಲ್ಕು ನೋಟು ಮುಂದೆ ಹಿಡಿದೆ. ಒಂದು ಸೀಟಿನದಷ್ಟೇ ತೆಗೆದುಕೊಂಡು ಉಳಿದದ್ದನ್ನು ನನ್ನ ಕೈಯೊಳಗೇ ಮಡಚಿಟ್ಟ. ಶಾಲೆಯ ಬಾಗಿಲಲ್ಲಿ ನಿಂತಿದ್ದ ನಸೀಮಾ ಓಡಿ ಬಂದು, ಗಾಡಿಯ ಒಳಗೆ ಒಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು.

"ಮಾಮು, ಖಾಲಿ ಗಾಡಿ ಬಿಟ್ಟಿಯೇನು?"

"ಖಾಲಿ ಎಲ್ಲಿ ಅದ ಬೇಟಾ?" ಎಂದ ಲಾಲಸಾಬ. "ನಿಮ್ಮ ಸರ್ ಕುಂತಿದ್ರು. ತುಂಬಿತ್ತು ಗಾಡಿ."

ಪಡಸಾಲೆಯಲ್ಲಿ ಕೂತು ಹಾಜರಿ ಪುಸ್ತಕ ತೆರೆದೆ. ಹೆಸರು ಕರೆದೆ. "ಹಾಜರ್ ಸರ್" ಎಂದು ನಸೀಮಾ ಎದ್ದು ನಿಂತಳು. ಅವಳು ಪರೀಕ್ಷೆಗೆ ಕೂತಳು, ಪಾಸಾದಳು. ಕಾಲೇಜು ಮತ್ತೆ ತೆರೆದ ಮೊದಲ ದಿನ ಹೊಸ ಹೆಸರುಗಳನ್ನು ಕರೆಯುತ್ತಿದ್ದೆ. "ಶಬಾನಾ" ಎಂದೆ. ಹಾಜರಿ ಇನ್ನೂ ಮುಗಿದಿರಲಿಲ್ಲ, ಅವಳು ಬಂದು ಕೂತಾಗಿತ್ತು.